ಪಾಸೆ ಕಾಂಪೋಜೆ: ನಾನು ಕಿವಿಯಿಂದ ಕಲಿತ ಫ್ರೆಂಚ್ ಭೂತಕಾಲ

ಕನ್ನಡದಲ್ಲಿ ಕಾಲ ಗೊತ್ತಾಗುವುದು ಕ್ರಿಯಾಪದದ ಬಾಲದಲ್ಲಿ. ಮಾಡ್ತೀನಿ, ಮಾಡಿದೆ. ಹಾಗಾಗಿ ನಮ್ಮ ಕಿವಿ ಮಾತಿನ ಕೊನೆಗೆ ಕಾಯುತ್ತಿರುತ್ತದೆ. ತುಲೂಸಿಗೆ ಬಂದು ಫ್ರೆಂಚ್ ಕಲಿಯಲು ಕೂತಾಗ ನಾನು ಮೊದಲು ಬಿಡಬೇಕಾಗಿದ್ದು ಈ ಅಭ್ಯಾಸವನ್ನೇ.

ನಡೆದು ಮುಗಿದದ್ದನ್ನು ಹೇಳಲು ಇಲ್ಲಿನ ಜನ ಬಳಸುವುದು ಪಾಸೆ ಕಾಂಪೋಜೆ. ಪಾಸೆ ಸಾಂಪ್ಲ್ ಅಂತ ಇನ್ನೊಂದಿದೆ. ಅದು ಕಾದಂಬರಿಗಳಲ್ಲಿ, ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ, ಬೇಕರಿಯಲ್ಲಿ ಯಾರೂ ಆಡಲ್ಲ. ಪಾಸೆ ಕಾಂಪೋಜೆಯಲ್ಲಿ ಎರಡು ತುಂಡು. ಮುಂದೆ ಅವ್ವಾರ್ (ಹೊಂದಿರುವುದು) ಅಥವಾ ಎತ್ರ್ (ಇರುವುದು) ಎಂಬ ಸಹಾಯಕ ಕ್ರಿಯಾಪದದ ವರ್ತಮಾನ ರೂಪ, ಹಿಂದೆ ಪಾರ್ತಿಸಿಪ್, ಅಂದರೆ ಮುಖ್ಯ ಕ್ರಿಯಾಪದದ ಭೂತ ಕೃದಂತ. 'ಜ' ಅಂದರೆ ನಾನು, ಅದಕ್ಕೆ ಅವ್ವಾರ್ ಸೇರಿದರೆ 'ಜೆ'. 'ಜೆ ಮಾಂಜೆ' ಅಂದರೆ ತಿಂದೆ, 'ನು ಜಾವೋಂ ಮಾಂಜೆ' ಅಂದರೆ ತಿಂದೆವು. ಆಳಿಗೆ ತಕ್ಕಂತೆ ಬದಲಾಗುವುದು ಮುಂದಿನ ತುಂಡು.

ಪುಸ್ತಕದಲ್ಲಿ ಇದು ಸುಲಭ. ಕಷ್ಟ ಇರುವುದು ಕೇಳುವಾಗ. 'ಜ ಫಿನಿ' ಅಂದರೆ ಮುಗಿಸ್ತೀನಿ. 'ಜೆ ಫಿನಿ' ಅಂದರೆ ಮುಗಿಸಿದೆ. ಬರೆಯುವಾಗ ಮೊದಲನೆಯದರ ಕೊನೆಗೆ ಒಂದು 'ಎಸ್' ಇದೆ, ಆದರೆ ಅದನ್ನು ಯಾರೂ ಉಚ್ಚರಿಸಲ್ಲ. 'ಜ ದಿ', 'ಜೆ ದಿ'. 'ಜ ಫೆ', 'ಜೆ ಫೆ': ಇವೂ ಹಾಗೇ. ಹೇಳ್ತೀನಿ ಅಂದರೋ ಹೇಳಿದೆ ಅಂದರೋ ಎಂಬುದು ಆ ಮೊದಲ ಸ್ವರದಲ್ಲೇ ತೀರ್ಮಾನವಾಗಿಬಿಡುತ್ತದೆ. ಕೊನೆಗೆ ಕಾಯುತ್ತಾ ಕೂತರೆ ಬಸ್ಸು ಹೋಗಿರುತ್ತದೆ.

ಹಾಗಾಗಿ ಪದ ನೆನಪಿಟ್ಟುಕೊಳ್ಳಲು ಮಾಡಿಕೊಂಡ ಕಾರ್ಡುಗಳಲ್ಲಿ ನಾನು ಕ್ರಿಯಾಪದದ ಮೂಲರೂಪ ಬರೆಯುವುದನ್ನೇ ಬಿಟ್ಟೆ. 'ಪ್ರಾಂದ್ರ್' (ತೆಗೆದುಕೊಳ್ಳುವುದು) ಅಂತ ಬರೆಯುವ ಬದಲು 'ಜೆ ಪ್ರಿ' ಅಂತ ಬರೆದೆ. 'ವನೀರ್' (ಬರುವುದು) ಬದಲು 'ಜ ಸ್ವಿ ವನ್ಯು', ಇಲ್ಲಿನ 'ಸ್ವಿ' ಎತ್ರ್‌ನ ರೂಪ. ಎರಡೂ ತುಂಡು ಒಂದೇ ಉಸಿರಿನಲ್ಲಿ. ಆಮೇಲೆ ಯಾವ ಸಹಾಯಕ ಅಂತ ಯೋಚಿಸುವ ಕೆಲಸವೇ ಇಲ್ಲ, ಅದು ಬಾಯಿಗೆ ಜೊತೆಯಲ್ಲೇ ಬರುತ್ತದೆ. ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದ ಉಪಾಯ ಇದು.

ಕಾರ್ಡುಗಳನ್ನು ಜೋಡಿಸಿದ್ದೂ ಕಾಗುಣಿತ ನೋಡಿ ಅಲ್ಲ, ಶಬ್ದ ಕೇಳಿ. 'ಎ' ಎಂದು ಮುಗಿಯುವವು ಒಂದು ಗುಂಪು: ಪಾರ್ಲೆ, ಆಲೆ, ಎತೆ. 'ಇ' ಗುಂಪಿನಲ್ಲಿ ಫಿನಿ, ದೋರ್ಮಿ, ಪ್ರಿ, ಮಿ, ದಿ, ಎಕ್ರಿ. ವ್ಯಾಕರಣ ಪುಸ್ತಕ ಇವನ್ನು ಬೇರೆ ಬೇರೆ ಪುಟಗಳಲ್ಲಿ ಹಾಕುತ್ತದೆ, ಕಿವಿಗೆ ಎಲ್ಲಾ ಒಂದೇ. ಇನ್ನೊಂದು ಗುಂಪು ವ್ಯು, ಲ್ಯು, ಬ್ಯು, ವುಲ್ಯು. ಈ ಸ್ವರ ಕನ್ನಡದಲ್ಲಿಲ್ಲ. ತುಟಿಯನ್ನು 'ಉ'ಗೆ ಇಟ್ಟುಕೊಂಡು 'ಇ' ಅನ್ನಬೇಕು. ಉಳಿದದ್ದು ಉವೆರ್, ಒಫೆರ್, ಮೋರ್ ತರದ ಕೆಲವು. ಅವನ್ನು ಸುಮ್ನೆ ಬಾಯಿಪಾಠ ಮಾಡಿದೆ.

ಎತ್ರ್ ಬೇಡುವ ಕ್ರಿಯಾಪದಗಳಿಗೆ ಒಂದು ಮನೆಯ ಚಿತ್ರ ಬರೆದು ಕಲಿಸುತ್ತಾರೆ. ಒಳಗೆ ಬರುವುದು, ಹೊರಗೆ ಹೋಗುವುದು, ಹತ್ತುವುದು, ಇಳಿಯುವುದು, ಬೀಳುವುದು, ಹುಟ್ಟುವುದು, ಸಾಯುವುದು. ಚಿತ್ರ ಚೆನ್ನಾಗಿದೆ. ಆದರೆ 'ಚಲನೆ ಇದ್ದರೆ ಎತ್ರ್' ಎಂಬ ಸೂತ್ರವನ್ನು ನಂಬಬೇಡಿ. ನಡೆದೆ ಅನ್ನಲು 'ಜೆ ಮಾರ್ಶೆ', ಓಡಿದೆ ಅನ್ನಲು 'ಜೆ ಕುರ್ಯು', ಎರಡೂ ಅವ್ವಾರ್. ಅಲ್ಲೇ ಉಳಿದೆ ಅನ್ನುವುದಕ್ಕೆ ಮಾತ್ರ 'ಜ ಸ್ವಿ ರೆಸ್ತೆ'. ಚಲನೆ ಎಲ್ಲಿದೆ ಅದರಲ್ಲಿ? ಇನ್ನೂ ಒಂದು ವಿಷಯ ಇದೆ. ಕೆಳಗೆ ಇಳಿದೆ ಅಂದರೆ 'ಜ ಸ್ವಿ ದೆಸಾಂದ್ಯು'. ಕಸದ ಡಬ್ಬಿ ಕೆಳಗೆ ಇಟ್ಟು ಬಂದೆ ಅಂದರೆ 'ಜೆ ದೆಸಾಂದ್ಯು ಲಾ ಪುಬೆಲ್'. 'ಏನನ್ನು' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೋ, ಅವ್ವಾರ್. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಈ ವಾಕ್ಯ ದಿನಾ ಬೇಕು, ಆದ್ದರಿಂದ ಮರೆಯಲ್ಲ.

ಇಲ್ಲ ಅನ್ನುವ 'ಪಾ' ಎರಡು ತುಂಡುಗಳ ನಡುವೆ ಕೂರುತ್ತದೆ. 'ಜೆ ಪಾ ಕಾಂಪ್ರಿ', ಅರ್ಥವಾಗಲಿಲ್ಲ. ಹೊಸದಾಗಿ ಬಂದವರಿಗೆ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ವಾಕ್ಯ ಇಲ್ಲ. ಬರೆಯುವಾಗ ಮುಂದೆ ಒಂದು 'ನ' ಸೇರಿಸಬೇಕು, ಮಾತಿನಲ್ಲಿ ಅದು ಬಹಳ ಸಲ ಬಿದ್ದುಹೋಗುತ್ತದೆ. ಆಗಲೇ, ಚೆನ್ನಾಗಿ, ಅತಿಯಾಗಿ ಎಂಬ ಸಣ್ಣ ಮಾತುಗಳೂ ಅದೇ ಜಾಗದಲ್ಲಿ ಕೂರುತ್ತವೆ.

ಎತ್ರ್ ಜೊತೆ ಪಾರ್ತಿಸಿಪ್ ಲಿಂಗ, ವಚನ ನೋಡುತ್ತದೆ. ಹೋದಳು, ಹೋದನು, ಹೋದರು ಅನ್ನುವ ನಮಗೆ ಇದು ಹೊಸದೇನಲ್ಲ. ಆದರೆ 'ನಾನು ಹೋದೆ' ಎನ್ನುವಾಗ ನಾವು ಹೆಣ್ಣೋ ಗಂಡೋ ಹೇಳುವುದಿಲ್ಲ ಅಲ್ವಾ? ಫ್ರೆಂಚಿನಲ್ಲಿ ಬರೆಯುವಾಗ ಹೆಣ್ಣಾದ ನಾನು ನನ್ನ 'ಆಲೆ'ಗೆ (ಹೋದೆ) ಇನ್ನೊಂದು 'e' ಅಕ್ಷರ ಅಂಟಿಸಬೇಕು. ಉಚ್ಚಾರ ಬದಲಾಗಲ್ಲ, ಕಿವಿ ಎಚ್ಚರಿಸಲ್ಲ. ಡೆಲ್ಫ್ ಎ2 ಎಂಬ ಫ್ರೆಂಚ್ ಭಾಷಾ ಪರೀಕ್ಷೆಯಲ್ಲಿ ನಿಮ್ಮ ಅನುಭವವೊಂದನ್ನು ಬರೆಯಲು ಕೇಳುತ್ತಾರೆ. ಅದಕ್ಕೆ ತಯಾರಾಗುವಾಗ ಬರೆದು ಮುಗಿಸಿದ ಮೇಲೆ 'ಜ ಸ್ವಿ' ಇರುವ ಕಡೆಗಳನ್ನಷ್ಟೇ ಇನ್ನೊಂದು ಸಲ ನೋಡುವುದನ್ನು ರೂಢಿ ಮಾಡಿಕೊಂಡೆ.

ಅವ್ವಾರ್ ಜೊತೆ ಪಾರ್ತಿಸಿಪ್ ಬದಲಾಗಲ್ಲ, ಒಂದು ಸಂದರ್ಭ ಬಿಟ್ಟು: ಕರ್ಮ ಮೊದಲೇ ಬಂದರೆ. 'ಜೆ ಮಿ ಲೆ ಕ್ಲೆ', ಬೀಗದ ಕೈಗಳನ್ನು ಇಟ್ಟೆ. 'ಲೆ ಕ್ಲೆ, ಜ ಲೆ ಜೆ ಮೀಜ್', ಬೀಗದ ಕೈಗಳಾ, ಅವನ್ನು ಇಟ್ಟೆ. ಈ ನಿಯಮವನ್ನು 16ನೇ ಶತಮಾನದಲ್ಲಿ ಕವಿ ಕ್ಲೆಮಾಂ ಮಾರೋ ಇಟಲಿಯ ಮಾದರಿ ನೋಡಿ ಎತ್ತಿಹಿಡಿದ. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಮೇಷ್ಟ್ರುಗಳು ಇದನ್ನು ಕೈಬಿಡೋಣ ಎಂದು ಪತ್ರಿಕೆಯಲ್ಲಿ ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ನನ್ನ ಮತ ಅವರಿಗೇ. ಮಾತಿನಲ್ಲಿ ಫ್ರೆಂಚರೇ ಇದನ್ನು ಆಗಾಗ ಬಿಡುತ್ತಾರೆ. ನಾನು ಮಾತಾಡುವಾಗ ಕಿವಿಗೆ ವ್ಯತ್ಯಾಸ ಬೀಳುವ ಮೀಜ್, ಪ್ರೀಜ್, ಫೆತ್, ಎಕ್ರೀತ್ ಇಷ್ಟಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳುತ್ತೇನೆ. ಉಳಿದದ್ದು ಬರೆಯುವಾಗ ನೋಡಿಕೊಂಡರೆ ಸಾಕು.