2098ರ ಎದುರು 1560

ಚೆಸ್ ಟೂರ್ನಿಯಲ್ಲಿ ಯಾರಿಗೆ ಯಾರು ಎದುರಾಳಿ ಎಂದು ಹೇಳುವ ಪೇರಿಂಗ್ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ನನ್ನ ಕಣ್ಣು ಹೆಸರುಗಳನ್ನು ದಾಟಿ ಸೀದಾ ಅಂಕಿಗಳ ಮೇಲೆ ಬಿತ್ತು. ಆಟದ ಬಲ ಅಳೆಯುವ ರೇಟಿಂಗ್ ಅಂಕಿಗಳವು. ನನ್ನದು 1560, ಎದುರಾಳಿಯದು 2098. ಆಶ್ಚರ್ಯವೇನೂ ಆಗಲಿಲ್ಲ. ಸ್ವಿಸ್ ಪದ್ಧತಿಯ ಟೂರ್ನಿಯಲ್ಲಿ ಮೊದಲ ಸುತ್ತಿಗೆ ಎಲ್ಲರನ್ನೂ ರೇಟಿಂಗ್ ಪ್ರಕಾರ ಸಾಲಾಗಿಸಿ, ಆ ಸಾಲನ್ನು ನಡುವೆ ಮುರಿದು, ಮೇಲಿನ ಅರ್ಧವನ್ನು ಕೆಳಗಿನ ಅರ್ಧದ ಎದುರು ಕೂರಿಸುತ್ತಾರೆ. ಇನ್ನೂರು ಜನರಿದ್ದರೆ ಒಂದನೆಯವರಿಗೆ ನೂರೊಂದನೆಯವರು. ನನ್ನಂಥ ಹವ್ಯಾಸಿಗಳು ಪ್ರವೇಶ ಶುಲ್ಕ ಕಟ್ಟಿ ಬಲಿಗೆ ಹೋಗುವ ಸುತ್ತು ಅದು.

ಆ 1560 ಕೂಡ ಪೂರ್ತಿ ನನ್ನ ಸಂಪಾದನೆಯಲ್ಲ. 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ರೇಟಿಂಗ್‌ನ ಕೆಳಮಿತಿಯನ್ನು 1000ದಿಂದ 1400ಕ್ಕೆ ಏರಿಸಿತು. ಜೊತೆಗೆ, 2000ಕ್ಕಿಂತ ಕೆಳಗಿದ್ದವರಿಗೆಲ್ಲ, ಆ 2000ಕ್ಕೆ ಎಷ್ಟು ಕಡಿಮೆ ಬೀಳುತ್ತದೋ ಅದರ ಶೇ 40ರಷ್ಟನ್ನು ಒಮ್ಮೆಗೇ ಕೂಡಿಸಿಕೊಟ್ಟಿತು. ಹಾಗೆ 1290 ಇದ್ದ ನಾನು ಒಂದು ಬೆಳಿಗ್ಗೆ ಎದ್ದಾಗ 1574 ಆಗಿದ್ದೆ, ಒಂದು ನಡೆಯನ್ನೂ ಆಡದೆ. ಮನೆಯಲ್ಲಿ ಪಾಯಸ ಮಾಡಿಸಿದೆ, ಕಾರಣ ಹೇಳಲಿಲ್ಲ.

ನಾನು ಟೂರ್ನಿಗಳಿಗೆ ಇಳಿದದ್ದು 2017ರಲ್ಲಿ. ಮೈಸೂರಿನ ತೇಜ್‌ಕುಮಾರ್ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ವರ್ಷ ಅದು. ಅಲ್ಲಿಂದ ಇಲ್ಲಿಯವರೆಗೆ ಬಲಿಷ್ಠರ ಎದುರು ನಾನು ಸೋತ ಆಟಗಳೆಲ್ಲ ಒಂದೇ ಅಚ್ಚಿನವು. ಕುಳಿತ ಕ್ಷಣದಿಂದಲೇ ಡ್ರಾ ಬೇಕು ಅನ್ನಿಸುತ್ತಿತ್ತು. ಡ್ರಾಕ್ಕೆ ಹತ್ತಿರದ ದಾರಿಯೆಂದರೆ ಕಾಯಿಗಳನ್ನು ಬದಲಿಸಿಕೊಳ್ಳುವುದು ಎಂದು ತಿಳಿದಿದ್ದೆ. ಮಂತ್ರಿಗೆ ಮಂತ್ರಿ, ಕುದುರೆಗೆ ಕುದುರೆ. (ಟೂರ್ನಿಯ ಮಕ್ಕಳು ಕ್ವೀನ್, ನೈಟ್ ಎನ್ನುತ್ತಾರೆ. ಅಜ್ಜನ ಹತ್ತಿರ ಆಟ ಕಲಿತವನಿಗೆ ಅದು ಮಂತ್ರಿಯೇ.) ಬೋರ್ಡ್ ಖಾಲಿಯಾದಷ್ಟೂ ತಪ್ಪು ಕಡಿಮೆ ಎಂಬ ಲೆಕ್ಕ. ಆದರೆ ಬಲಿಷ್ಠ ಆಟಗಾರ ನಮಗಿಂತ ಅತಿ ಹೆಚ್ಚು ಮುಂದಿರುವುದೇ ಕಾಯಿಗಳು ಕಡಿಮೆಯಾದ ಮೇಲೆ. ನಾನು ಅವರಿಗೆ ಬೇಕಾದ ಅಂಗಳಕ್ಕೆ ನಾನೇ ಬಾಗಿಲು ತೆಗೆದು ಕರೆದೊಯ್ಯುತ್ತಿದ್ದೆ.

ಈ ಸಲ ಎರಡು ತೀರ್ಮಾನ ಮಾಡಿಕೊಂಡು ಬಂದಿದ್ದೆ. ಹೆದರಿ ಕಾಯಿ ಬದಲಿಸುವುದಿಲ್ಲ. ಎದುರಾಳಿಯ ಪ್ರತಿ ನಡೆಯ ನಂತರ, ‘ಇದು ಏನನ್ನು ಹೊಡೆಯುತ್ತಿದೆ’ ಎಂದು ಕೇಳುವ ಮೊದಲು, ‘ಇದು ಏನನ್ನು ಬಿಟ್ಟು ಹೋಯಿತು’ ಎಂದು ಕೇಳಿಕೊಳ್ಳುತ್ತೇನೆ. ಧೈರ್ಯಕ್ಕೆ ಲೆಕ್ಕವೂ ಇತ್ತು. ರೇಟಿಂಗ್ ಅಂತರ 400 ದಾಟಿದರೂ ಅದನ್ನು 400 ಎಂದೇ ಪರಿಗಣಿಸುತ್ತಾರೆ. ಹಾಗಾಗಿ ನನ್ನಿಂದ ನಿರೀಕ್ಷಿತ ಅಂಕ 0.08. ಸಿಕ್ಕ ಅಂಕಕ್ಕೂ ನಿರೀಕ್ಷಿತ ಅಂಕಕ್ಕೂ ಇರುವ ವ್ಯತ್ಯಾಸವನ್ನು ಗುಣಿಸುವ ಸಂಖ್ಯೆ, ಅಂದರೆ ನನ್ನ ಗುಣಕ, 20. ಸೋತರೆ ಕಳೆದುಕೊಳ್ಳುವುದು 1.6, ಡ್ರಾ ಆದರೆ ಸಿಗುವುದು 8.4. ಇಷ್ಟು ಅಗ್ಗದ ಸೋಲಿಗೆ ಕೈ ನಡುಗಬೇಕಿಲ್ಲ.

ಕೈ ನಡುಗಿತು ಅನ್ನಿ, ಅದು ಬೇರೆ ಮಾತು.

ಎದುರಿಗೆ ಕುಳಿತವಳು ಹದಿನೈದರ ಹುಡುಗಿ. ತಂದೆ ಹೊರಗೆ ಮೆಟ್ಟಿಲ ಮೇಲೆ ಬುತ್ತಿ ಚೀಲ ಹಿಡಿದು ಕುಳಿತಿದ್ದರು. ಆಟ ಶುರುವಾದ ಮೇಲೆ ಪೋಷಕರಿಗೆ ಒಳಗೆ ಪ್ರವೇಶವಿಲ್ಲ. ಅವಳದು ಬಿಳಿ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದಳು, ನಾನು ಕಾರೊ-ಕಾನ್ ಆಡಿದೆ. ಹತ್ತು ವರ್ಷದಿಂದ ನನಗೆ ಗೊತ್ತಿರುವ ಒಂದೇ ರಕ್ಷಣೆ. ಮೊದಲ ಹದಿನೈದು ನಡೆಗಳಿಗೆ ಅವಳು ಐದು ನಿಮಿಷವನ್ನೂ ಖರ್ಚು ಮಾಡಲಿಲ್ಲ. ನಡೆ ಮಾಡಿ, ಬರೆದು, ಎದ್ದು ಪಕ್ಕದ ಬೋರ್ಡುಗಳನ್ನು ನೋಡಲು ಹೋಗುವಳು. ಖಾಲಿ ಕುರ್ಚಿಯ ಎದುರು ಯೋಚಿಸುತ್ತ ಕೂರುವುದರಲ್ಲಿ ಒಂದು ಅವಮಾನವಿದೆ. ಇದೂ ಯುದ್ಧದ ಭಾಗವೆಂದು ಮೊದಲೆಲ್ಲ ಅಂದುಕೊಂಡು ನಾನೂ ಬೇಗಬೇಗ ಆಡುತ್ತಿದ್ದೆ. ಈ ಸಲ ತೊಂಬತ್ತು ನಿಮಿಷ ನನ್ನದೇ ಎಂದು ಕುಳಿತೆ. ಎರಡು ಬಾರಿ ಅವಳು ಮಂತ್ರಿ ಬದಲಾವಣೆಗೆ ಬಂದಳು, ಎರಡು ಬಾರಿಯೂ ನನ್ನ ಮಂತ್ರಿಯನ್ನು ಪಕ್ಕಕ್ಕೆ ಸರಿಸಿದೆ. ಎರಡನೆಯ ಬಾರಿ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ಮೂವತ್ತೊಂದನೆಯ ನಡೆ. ನನ್ನ ಕುದುರೆ ಎಫ್4ರಲ್ಲಿ ಕುಳಿತು ಡಿ3ರಲ್ಲಿದ್ದ ಅವಳ ಒಂಟೆಯನ್ನು ಹೊಡೆಯುತ್ತಿತ್ತು. ಅವಳು ಒಂಟೆಯನ್ನು ಇ4ಕ್ಕೆ ತಂದಳು. ಅಲ್ಲಿಂದ ಅದರ ಕಣ್ಣು ಬಿ7ರ ನನ್ನ ಕಾಲಾಳಿನ ಮೇಲೆ. ನಾಲ್ಕು ನಿಮಿಷ ಯೋಚಿಸಿ, ಕಾಲಾಳನ್ನು ಕಾಯುವ ಆನೆಯ ನಡೆಯೊಂದನ್ನು ಹುಡುಕಿ, ಬಹಳ ಸಮಾಧಾನದಿಂದ ಆಡಿದೆ. ಅವಳು ತಕ್ಷಣ ರಾಜನನ್ನು ಜಿ1ರಿಂದ ಎಚ್1ಕ್ಕೆ ಸರಿಸಿದಳು. ಯಾಕಿರಬಹುದು ಎಂದು ಕ್ಷಣ ಯೋಚಿಸಿದೆ. ಏನೋ ದೊಡ್ಡ ಯೋಜನೆ ಇರಬೇಕು ಎಂದುಕೊಂಡೆ.

ಅಲ್ಲಿಂದ ಆಟ ನಿಧಾನವಾಗಿ ಅವಳ ಕಡೆಗೆ ವಾಲಿತು. ಮಂತ್ರಿಗಳು ಕೊನೆಗೂ ಹೋದವು, ಒಂದು ಕಾಲಾಳು ಹೋಯಿತು. ಆನೆಗಳೂ ನಾಲ್ಕಾರು ಕಾಲಾಳುಗಳೂ ಉಳಿದಿದ್ದಾಗ ಅವಳು ಆನೆ ಬದಲಿಸೋಣವೆಂದು ತನ್ನದನ್ನು ನನ್ನದರ ಎದುರು ತಂದು ನಿಲ್ಲಿಸಿದಳು. ಹಳೆಯ ನಾನಾಗಿದ್ದರೆ ಹೊಡೆದು ಮುಗಿಸುತ್ತಿದ್ದೆ. ಉಳಿಯುವ ರಾಜ-ಕಾಲಾಳುಗಳ ಆಟ ಖಚಿತವಾಗಿ ಸೋಲು. ಆನೆಯನ್ನು ಉಳಿಸಿಕೊಂಡು ಕಾಲಾಳುಗಳನ್ನೇ ಒಂದೊಂದಾಗಿ ಬದಲಿಸುತ್ತ ಹೋದೆ, ನನ್ನ ಕೊನೆಯದನ್ನು ಕೊಟ್ಟೇಬಿಟ್ಟೆ. ಏಕೆಂದರೆ ನನಗೆ ಬಾಯಿಪಾಠವಿದ್ದ ಅಂತ್ಯದಾಟ ಒಂದೇ ಒಂದು, ಅಲ್ಲಿಗೆ ತಲುಪುವ ದಾರಿ ಕಾಣುತ್ತಿತ್ತು.

ಹದಿನೆಂಟನೆಯ ಶತಮಾನದ ಫ್ರೆಂಚ್ ಆಟಗಾರ, ಸಂಗೀತ ಸಂಯೋಜಕ ಫಿಲಿಡೋರ್ ಹೆಸರಿನ ಸ್ಥಿತಿ ಅದು. ಬಿಳಿಗೆ ಆನೆ ಮತ್ತು ಒಂದು ಕಾಲಾಳು, ಕಪ್ಪಿಗೆ ಬರಿಯ ಆನೆ. ನಮ್ಮ ರಾಜನನ್ನು ಆ ಕಾಲಾಳಿನ ದಾರಿಯ ತುದಿಯಲ್ಲಿ ಕೂರಿಸಬೇಕು. ಆನೆಯನ್ನು, ಬಿಳಿಯ ಕಡೆಯಿಂದ ಎಣಿಸಿದರೆ, ಆರನೆಯ ಸಾಲಿನಲ್ಲಿ ಇಡಬೇಕು. ಅದು ಬೇಲಿ, ಬಿಳಿ ರಾಜ ಅದನ್ನು ದಾಟಲಾರ. ಕಾಲಾಳು ಐದನೆಯ ಸಾಲಿನಲ್ಲಿರುವಷ್ಟು ಹೊತ್ತು ಬೇಲಿಯ ಮೇಲೆಯೇ ಅತ್ತಿತ್ತ ಓಡಾಡುತ್ತಿದ್ದರೆ ಸಾಕು. ಬೇಲಿ ಮುರಿಯಲು ಕಾಲಾಳನ್ನೇ ಆರನೆಯ ಸಾಲಿಗೆ ನೂಕಿದ ಕೂಡಲೇ ಆನೆ ಕೆಳಗೆ ಒಂದನೆಯ ಸಾಲಿಗೆ ಇಳಿದು ಹಿಂದಿನಿಂದ ಚೆಕ್ ಕೊಡತೊಡಗಬೇಕು. ಕಾಲಾಳಿನ ಮುಂದೆ ಅಡಗಿಕೊಳ್ಳುವ ಮನೆ ಬಿಳಿ ರಾಜನಿಗೆ ಈಗ ಇಲ್ಲ. ಆ ಮನೆಯಲ್ಲಿ ಕಾಲಾಳೇ ಬಂದು ಕೂತಿದೆ. ಇಳಿಯುವುದು ಒಂದು ನಡೆ ತಡವಾದರೂ ಆಟ ಹೋದಂತೆ.

ಗಡಿಯಾರದಲ್ಲಿ ನನ್ನ ತೊಂಬತ್ತು ನಿಮಿಷ ಕರಗಿ, ಪ್ರತಿ ನಡೆಗೆ ಸೇರುವ ಮೂವತ್ತು ಸೆಕೆಂಡಿನಲ್ಲಿ ಬದುಕುತ್ತಿದ್ದೆ. ಎ6, ಬಿ6, ಎ6. ಅವಳು ಇಪ್ಪತ್ತು ನಡೆ ಪರೀಕ್ಷಿಸಿದಳು, ಅದು ಅವಳ ಹಕ್ಕು. ಡ್ರಾ ಕೇಳಬೇಕೆಂದು ನಾಲಿಗೆ ತುರಿಸಿತು, ಕಚ್ಚಿಕೊಂಡೆ. ಮೇಲುಗೈ ಇರುವವರನ್ನು ಪದೇ ಪದೇ ಡ್ರಾ ಕೇಳುವುದು ಸಾಲ ಕೇಳಿದ ಹಾಗೆ. ಕೊನೆಗೆ ಕಾಲಾಳು ಇ6ಕ್ಕೆ ಬಂತು. ಆನೆ ಎ1ಕ್ಕೆ ಇಳಿಯಿತು. ಐದಾರು ಚೆಕ್‌ಗಳ ನಂತರ ಅವಳೇ ಕೈ ಚಾಚಿದಳು.

ಪಕ್ಕದ ಕೋಣೆಯಲ್ಲಿ ಆಟವನ್ನು ಮತ್ತೆ ಜೋಡಿಸಿದೆವು. ಫಿಲಿಡೋರ್ ಬಗ್ಗೆ ಅವಳು ಏನಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಅವಳು ಮೂವತ್ತೊಂದನೆಯ ನಡೆಗೆ ಬಂದು ನಿಂತಳು.

“ಅಂಕಲ್, ಇಲ್ಲಿ ನೀವು ಕುದುರೆಯನ್ನು ಇ2ಕ್ಕೆ ಹಾಕಿದ್ದರೆ?”

ಅವಳ ರಾಜ ಜಿ1ರಲ್ಲಿ, ಆನೆ ಸಿ1ರಲ್ಲಿ; ಇ2ರ ಕುದುರೆ ಎರಡನ್ನೂ ಒಟ್ಟಿಗೆ ಹೊಡೆಯುತ್ತದೆ. ಚೆಕ್, ಆನೆ ನನ್ನದು. ಆ ಇ2 ಮನೆಯನ್ನು ಕಾಯುತ್ತಿದ್ದದ್ದು ಅದೇ ಒಂಟೆ, ಅದು ಆಗಷ್ಟೇ ಜಾಗ ಬಿಟ್ಟಿತ್ತು.

“ನೀನು ನೋಡಿದ್ದೆಯೇನಮ್ಮ?”

“ಕೈ ಬಿಟ್ಟ ಮೇಲೆ ನೋಡಿದೆ. ನೀವು ಯೋಚಿಸುತ್ತಿದ್ದ ನಾಲ್ಕು ನಿಮಿಷವೂ ನಾನು ಉಸಿರಾಡಲಿಲ್ಲ.”

ಏನನ್ನು ಬಿಟ್ಟು ಹೋಯಿತು ಎಂಬ ಪ್ರಶ್ನೆಯನ್ನು ಮೂವತ್ತು ಬಾರಿ ಕೇಳಿಕೊಂಡವನು ಮೂವತ್ತೊಂದನೆಯ ಬಾರಿ ಕೇಳಿಕೊಳ್ಳಲಿಲ್ಲ. 2098 ಇರುವವಳು ಮನೆ ಕಾಯದೆ ಬಿಡುತ್ತಾಳೆಯೇ ಎಂದು ಬೋರ್ಡಿಗಿಂತ ಅವಳನ್ನು ನಂಬಿದ್ದೆ. ರಾಜ ಮೂಲೆಗೆ ಸರಿದಾಗಲೂ ನಂಬಿದ್ದೆ.

ಎರಡನೆಯ ಸುತ್ತಿನಲ್ಲಿ ಮತ್ತೊಬ್ಬ ಬಲಿಷ್ಠರು ಸಿಕ್ಕರು, ಸೋತೆ, 1.6 ಹೋಯಿತು. ಮರುದಿನ ಬೆಳಿಗ್ಗೆ ಮೂರನೆಯ ಸುತ್ತಿಗೆ 1450 ರೇಟಿಂಗ್‌ನ, ಒಂಬತ್ತು ವರ್ಷದ ಹುಡುಗ. ಅವನು ನನ್ನ ಯಾವ ನಡೆಯನ್ನೂ ನಂಬಲಿಲ್ಲ. ಇಪ್ಪತ್ತಾರು ನಡೆಗಳಲ್ಲಿ ಸೋತೆ; ಅದರ ಬೆಲೆ 13 ಅಂಕ. ಹೊರಗೆ ಬಂದಾಗ ಅವನ ತಾಯಿ, “ಸರ್, ಒಂದು ನಿಮಿಷ ನಿಲ್ಲುತ್ತೀರಾ, ಇವನು ಇಷ್ಟು ರೇಟಿಂಗ್ ಇರುವವರನ್ನು ಗೆದ್ದದ್ದು ಇದೇ ಮೊದಲು” ಎಂದು ಮೊಬೈಲ್ ತೆಗೆದರು. ಹುಡುಗನ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆ.