ಮಳೆಗಾಲದಲ್ಲಿ ಗಿಡಕ್ಕೆ ಯಾವ ಲೈಟು, ಹವಳದ ಟ್ಯಾಂಕಿಗೆ ಯಾವ ಲೈಟು

ಜೂನ್ ಶುರುವಾದ್ರೆ ಮಂಗಳೂರಿನ ಬಾಲ್ಕನಿ ಗಿಡಗಳ ಅವಸ್ಥೆ ಗೊತ್ತೇ ಉಂಟಲ್ಲ, ಬಿಸಿಲು ಕಾಣದೆ ತುಳಸಿ ಉದ್ದುದ್ದ ಹೋಗಿ ಬಾಗ್ತದೆ, ಗುಳ್ಳ ಬದನೆಯ ಸಸಿ ಬಿಳಿಚಿಕೊಳ್ತದೆ, ಆಗ ಎಲ್ಲರೂ ಆ ನೇರಳೆ ಬಣ್ಣದ ಗ್ರೋ ಲೈಟ್ ತರಿಸ್ತಾರೆ. ಬೇಡ ಮಾರಾಯ್ರೆ. ಕ್ಲೋರೋಫಿಲ್ ಹೆಚ್ಚಾಗಿ ನೀಲಿ, ಕೆಂಪು ಬೆಳಕನ್ನೇ ಹೀರ್ತದೆ ಅನ್ನೋದು ಹೌದು, ಆದ್ರೆ ಹಸಿರು ಬೆಳಕೂ ವೇಸ್ಟ್ ಅಲ್ಲ, ಅದು ಕೆಳಗಿನ ಎಲೆಗಳ ತನಕ ಇಳೀತದೆ, ಬಿಳಿ ಎಲ್‌ಇಡಿಯಲ್ಲಿ ಮೂರೂ ಉಂಟು. ಮತ್ತೆ ನೇರಳೆ ಬೆಳಕಲ್ಲಿ ಎಲೆ ಹಳದಿ ಆಗಿದ್ಯಾ ಹುಳ ಹಿಡಿದಿದ್ಯಾ ಎಂತದ್ದೂ ಕಾಣುದಿಲ್ಲ.

ಸಸಿ, ಸೊಪ್ಪು, ತುಳಸಿಗೆ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಟ್ಯೂಬ್ ಸಾಕು, ನೀಲಿ ಅಂಶ ಜಾಸ್ತಿ ಇರೋದ್ರಿಂದ ಗಿಡ ಗಿಡ್ಡ, ಗಟ್ಟಿ ಬರ್ತದೆ. ಹೂ-ಕಾಯಿ ಬೇಕಾದ್ರೆ ಕೆಂಪು ಹೆಚ್ಚಿರುವ 3000 ಕೆಲ್ವಿನ್‌ದು ಒಂದು ಸೇರಿಸಿ, ಆದ್ರೆ ಮಲ್ಲಿಗೆ ರೂಮೊಳಗೆ ರಾಶಿ ಹೂ ಬಿಡ್ತದೆ ಅಂತ ಆಸೆ ಬೇಡ, ಅದಕ್ಕೆ ಬಿಸಿಲೇ ಬೇಕು. ಲೈಟು ಗಿಡದಿಂದ ಒಂದಡಿ ಒಳಗೆ ಇರ್ಲಿ, ಸೀಲಿಂಗಲ್ಲಿ ನೇತು ಹಾಕಿದ್ರೆ ಕೆಳಗೆ ಮುಟ್ಟುದು ಚೂರೇ. ಟೈಮರ್ ಹಾಕಿ 12-14 ಗಂಟೆ. 20 ವ್ಯಾಟ್ ಟ್ಯೂಬ್ ದಿನಕ್ಕೆ 12 ಗಂಟೆ ಉರಿದ್ರೂ ತಿಂಗಳಿಗೆ 7 ಯೂನಿಟ್ ಚಿಲ್ಲರೆ, ಅಷ್ಟೇ.

ಹವಳದ ಲೆಕ್ಕವೇ ಬೇರೆ. ಕೆಂಪು ಬೆಳಕನ್ನ ಸಮುದ್ರದ ನೀರು ಮೇಲಿನ ಕೆಲವೇ ಮೀಟರಲ್ಲಿ ನುಂಗಿಬಿಡ್ತದೆ, ಆಳಕ್ಕೆ ಹೋಗುದು ನೀಲಿ, ಹವಳದೊಳಗೆ ಇರುವ ಸಣ್ಣ ಪಾಚಿಗಳು ಅದ್ರಲ್ಲೇ ಅಡುಗೆ ಮಾಡ್ಲಿಕ್ಕೆ ಕಲ್ತಿವೆ. ಹಾಗಾಗಿ 420ರಿಂದ 480 ನ್ಯಾನೋಮೀಟರ್ ತರಂಗಾಂತರದ ನೀಲಿ ಜಾಸ್ತಿ, ಬಿಳಿ ಸ್ವಲ್ಪ ಇರುವ ಲೈಟ್ ತಗೊಳ್ಳಿ, ಬಿಳಿ-ನೀಲಿ ಬೇರೆ ಬೇರೆ ಡಿಮ್ ಮಾಡ್ಲಿಕ್ಕೆ ಆಗ್ಬೇಕು. ಫೋನಿನ ಲಕ್ಸ್ ಆ್ಯಪ್ ನಂಬ್ಬೇಡಿ, ಲಕ್ಸ್ ಅಂದ್ರೆ ಮನುಷ್ಯನ ಕಣ್ಣಿನ ಲೆಕ್ಕ, ನೀಲಿಯನ್ನ ತೀರಾ ಕಮ್ಮಿ ತೋರಿಸ್ತದೆ, ಅದನ್ನ ನೋಡಿ ಲೈಟ್ ಏರಿಸಿದ್ರೆ ಹವಳ ಬಿಳಿಚಿ ಹೋಗ್ತದೆ. ಗಿಡ, ಪಾಚಿ ಬಳಸುವ ಬೆಳಕನ್ನೇ ಅಳೆಯುವ ಪಾರ್ (PAR) ಮೀಟರ್ ಯಾರದ್ದಾದ್ರೂ ಕೇಳಿ ತನ್ನಿ, ಮಶ್ರೂಮ್, ಲೆದರ್ ಥರದ ಸಾಫ್ಟ್ ಕೋರಲಿಗೆ (ಮೆತ್ತಗಿನ ಹವಳ) ಆ ಮೀಟರಲ್ಲಿ 50-100 ಬಂದ್ರೆ ಸಾಕು, ಶುರುವಲ್ಲಿ ಕಮ್ಮಿ ಇಟ್ಟು ಎರಡು ಮೂರು ವಾರದಲ್ಲಿ ಏರಿಸಿ, ದಿನಕ್ಕೆ 8-10 ಗಂಟೆ.

ಹಾಂ, ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ಒಂದು ತುಂಡು ತರುವ ಅಂತ ಯೋಚ್ನೆ ಮಾಡ್ಲೇಬೇಡಿ, ಕಲ್ಲು ಹವಳ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಲ್ಲಿ ಉಂಟು, ಹುಲಿ ಇರುವ ಪಟ್ಟಿ ಅದು.

ಇನ್ನು ಪಣಂಬೂರು, ಮಲ್ಪೆ ಕಡೆ ಇರುವವ್ರು ಐಪಿ65 ರೇಟಿಂಗ್ (ಧೂಳು, ನೀರು ಒಳಗೆ ಹೋಗದ ಹಾಗೆ ಮುಚ್ಚಿದ್ದು) ಇರುವ ಲೈಟೇ ತಗೊಳ್ಳಿ, ಸಾದಾ ಲೈಟಿನ ಒಳಗೆ ಉಪ್ಪು ಗಾಳಿ, ಮಳೆ ನೀರು ಹೋಗಿ ಬೇಗ ತುಕ್ಕು ಹಿಡೀತದೆ.