ತೇಲುವ ಚಕ್ಕೆ, ಹಾಳೆಯಲ್ಲಿ ಕಡ್ಡಿ: ನನ್ನ ಅನುಭವ

ಪುಣೆಯ ಭೋಸರಿಯಲ್ಲಿ ನಮ್ಮದೊಂದು ಸಣ್ಣ ಕಾಗದದ ಶೆಡ್. ಹತ್ತಿ ಚಿಂದಿ ಬಿಟ್ಟು ಸುಬಾಬುಲ್ ಮರದ ಚಕ್ಕೆಯಿಂದ ಪಲ್ಪ್ (ಕಾಗದಕ್ಕೆ ಬೇಕಾದ ನಾರಿನ ತಿರುಳು) ಮಾಡಲು ಹೊರಟೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಅರೆದು ನಾರು ಬಿಡಿಸುವ ಯಂತ್ರವಾದ ರಿಫೈನರ್‌ಗೆ ಹಾಕಿದರೆ, ಹಾಳೆ ತುಂಬ ಬೆಂಕಿಕಡ್ಡಿ ಚೂರಿನಂಥ ಕಡ್ಡಿಗಳು. ಸೋಡಾ ಹೆಚ್ಚಿಸಿದೆ. ಪಲ್ಪ್ ಇನ್ನಷ್ಟು ಹಳದಿಯಾಯಿತು, ಕಡ್ಡಿ ಹಾಗೇ ಉಳಿದವು.

ಜೊತೆಗೆ ಕೆಲಸ ಮಾಡುವ ವಿಜಯಪುರದ ಕಾಕಾ ಡ್ರಮ್ಮಿನೊಳಗೆ ಇಣುಕಿದರು. "ತಮ್ಮಾ, ಅರ್ಧಕ್ಕರ್ಧ ತೇಲಾಕತ್ತಾವಲ್ಲೋ, ಒಳಗ ನೀರರ ಹೆಂಗ ಹೋದೀತು?" ಒಂದು ಚಕ್ಕೆ ಸೀಳಿ ನೋಡಿದೆ: ಅಂಚು ಹಳದಿ, ನಡುವೆ ಒಣ ಬಿಳಿ ಗೆರೆ!

ಮರದೊಳಗೆ ಸಿಕ್ಕಿಕೊಂಡ ಗಾಳಿ ಸೋಡಾವನ್ನು ಒಳಗೆ ಬಿಡುತ್ತಿರಲಿಲ್ಲ. ಈಗ ಮೊದಲು ಅರ್ಧ ಗಂಟೆ ಹಬೆ ಕೊಟ್ಟು, ಬಿಸಿಯಿರುವಾಗಲೇ ತಣ್ಣನೆಯ ದ್ರಾವಣಕ್ಕೆ ಹಾಕುತ್ತೇನೆ. ಹಬೆ ಗಾಳಿಯನ್ನು ಹೊರದೂಡುತ್ತದೆ, ಆಮೇಲೆ ತಾನೇ ತಣಿದು ನೀರಾಗಿ ದ್ರಾವಣವನ್ನು ಒಳಗೆಳೆಯುತ್ತದೆ. ಚಕ್ಕೆ ಮುಳುಗಿದರೆ ಅರ್ಧ ಗೆದ್ದಂತೆ. 8 ಮಿ.ಮೀ.ಗಿಂತ ದಪ್ಪದವನ್ನು ಆರಿಸಿ ತೆಗೆಯುತ್ತೇನೆ. ಇಲ್ಲಿ ಉದ್ದಕ್ಕಿಂತ ದಪ್ಪದ್ದೇ ಕಾಟ. ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಪೂರ್ತಿ ಕರಗಬೇಕಿಲ್ಲ, ಮರ ಉಬ್ಬಿ ಮೆತ್ತಗಾದರೆ ಸಾಕು, ರಿಫೈನರ್ ನಾರನ್ನು ತುಂಡರಿಸದೆ ಬಿಡಿಸುತ್ತದೆ.

ಬಿಸಿ ಚಕ್ಕೆ ಸುರಿಯುವಾಗ ಸೋಡಾ ಸಿಡಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ನಿಧಾನ ಸುರಿಯಿರಿ. ನನ್ನ ಮಣಿಕಟ್ಟಿನ ಕಲೆ ಇನ್ನೂ ಹೋಗಿಲ್ಲ.